ಫುಗ್ಗಾ ಟೊಪ್ಪಿಗಿ ತಲಿ ಮ್ಯಾಲ ಯಾಕ ನಿಂದ್ರಲ್ಲ?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ಸರ್, ನಾನು ಕಲಬುರಗಿಯವ, ಡಿಗ್ರಿ ಓದ್ಲಿಕತ್ತೀನ್ರಿ. ಬಲೂನಿನ್ಯಾಗ ನಾಯಿ, ಕತ್ತಿ, ಹೂವು ಮಾಡೋದು ಬರ್ತದ. ಹುಟ್ಟುಹಬ್ಬ, ಜಾವಳಕ್ಕ ಕರೀತಾರ. ಆದ್ರ ಟೊಪ್ಪಿಗಿ ಮಾಡಿದ್ರ ಒಂದೋ ಕಣ್ಣಿನ ಮ್ಯಾಲ ಜಾರ್ತದ, ಇಲ್ಲಾ ಬಿಚ್ಚಿಕೊಂಡು ಹೋಗ್ತದ. ಹುಡುಗರ ಸಾಲು ನೋಡಿ ಕೈ ನಡುಗ್ತದ. ಏನ್ ಮಾಡ್ಲಿ?

ಉತ್ತರ: ನಾಯಿ ಮಾಡುವಾಗ ನಿಮ್ಮ ಕಣ್ಣು ಬಲೂನಿನ ಮೇಲಿದ್ದರೆ ಸಾಕು. ಟೊಪ್ಪಿಗೆ ಮಾಡುವಾಗ ಎದುರಿಗೆ ನಿಂತವರ ತಲೆಯ ಮೇಲಿರಬೇಕು. ಜಾರುವ ಟೊಪ್ಪಿಗೆಗಳಲ್ಲಿ ಬಹುಪಾಲು ಅಳತೆ ನೋಡದೆ ಮಾಡಿದವು.

ನೀವು ಬಳಸುವುದು 260 ಬಲೂನು ಎಂದುಕೊಳ್ಳುತ್ತೇನೆ. ಪೂರ್ತಿ ತುಂಬಿದಾಗ 2 ಇಂಚು ದಪ್ಪ, 60 ಇಂಚು ಉದ್ದ ಎಂಬುದೇ ಆ ಸಂಖ್ಯೆಯ ಲೆಕ್ಕ. ಐದು ವರ್ಷದ ಮಗುವಿನ ತಲೆಯ ಸುತ್ತಳತೆ ಸುಮಾರು 50 ಸೆಂಟಿಮೀಟರ್, ದೊಡ್ಡವರದು 55ರಿಂದ 58. ಬಲೂನಿನ ದಪ್ಪ ಸೇರಿಸಿ ಲೆಕ್ಕ ಹಾಕಿದರೂ ಮಗುವಿನ ತಲೆಗೆ ಒಂದು ಸುತ್ತು ಹಾಕಿದ ಮೇಲೆ ಎರಡು ಅಡಿಗಿಂತ ಹೆಚ್ಚು ಉಳಿಯುತ್ತದೆ. ಆ ಉಳಿದ ಭಾಗವೇ ನಿಮ್ಮ ಕಲೆಗೆ ಸಿಗುವ ಜಾಗ.

ತುದಿಯಲ್ಲಿ ನಾಲ್ಕು ಬೆರಳಿನಷ್ಟು ಬಾಲ, ಅಂದರೆ ಗಾಳಿ ತುಂಬದ ಭಾಗ, ಬಿಟ್ಟು ಪಂಪಿನಿಂದ ಗಾಳಿ ತುಂಬಿ. ಗಂಟು ಹಾಕುವ ಮುನ್ನ ಚೂರು ಗಾಳಿ ಬಿಟ್ಟು ಮೆತ್ತಗೆ ಮಾಡಿಕೊಳ್ಳಿ. ಗಂಟಿನ ಕಡೆ ಎರಡು ಬೆರಳಿನಷ್ಟು ಚಿಕ್ಕ ಗುಳ್ಳೆ ತಿರುಗಿಸಿ. ಈಗ ಬಲೂನನ್ನು ಹಣೆಯ ಮೇಲಿಂದ, ಕಿವಿಗೆ ತಾಗದಂತೆ ತಲೆಯ ಸುತ್ತ ತನ್ನಿ. ಎರಡೂ ಕಡೆ ಕೂಡುವ ಜಾಗವನ್ನು ಬೆರಳಿನಿಂದ ಹಿಡಿದು, ತಲೆಯಿಂದ ತೆಗೆದು, ಆಮೇಲೆ ತಿರುಗಿಸಿ. ತಲೆಯ ಮೇಲಿಟ್ಟೇ ತಿರುಗಿಸಬೇಡಿ. ಕೂದಲು ಸಿಕ್ಕಿಕೊಳ್ಳುತ್ತದೆ, ಒಡೆದರೆ ಕಣ್ಣಿನ ಹತ್ತಿರವೇ ಒಡೆಯುತ್ತದೆ.

ಬಿಚ್ಚಿಕೊಳ್ಳುವುದಕ್ಕೆ ಕಾರಣ ತಿರುವಿನ ದಿಕ್ಕು. ಮೊದಲ ಗುಳ್ಳೆಯನ್ನು ಬಲಕ್ಕೆ ತಿರುಗಿಸಿ ಎರಡನೆಯದನ್ನು ಎಡಕ್ಕೆ ತಿರುಗಿಸಿದರೆ ಮೊದಲನೆಯದು ಬಿಚ್ಚುತ್ತದೆ. ಯಾವಾಗಲೂ ಒಂದೇ ದಿಕ್ಕು, ಪ್ರತಿ ಸಲ ಮೂರು ಸುತ್ತು. ಮೊದಲ ಗುಳ್ಳೆಯನ್ನು ಸುತ್ತಿನ ಉಳಿದ ಭಾಗಕ್ಕೆ ಜೋಡಿಸಿ ತಿರುಗಿಸಿಬಿಟ್ಟರೆ ಲಾಕ್ ಆಗುತ್ತದೆ, ಮತ್ತೆ ಕೈ ಹಚ್ಚುವ ಅಗತ್ಯವಿಲ್ಲ. ಇನ್ನೊಂದು ಬಲೂನನ್ನು ಹಣೆಯ ಕಡೆಯಿಂದ ನೆತ್ತಿಯ ಮೇಲೆ ಹಾಯಿಸಿ ಹಿಂದೆ ಕಟ್ಟಿದರೆ ಟೊಪ್ಪಿಗೆ ಕೆಳಗೆ ಜಾರುವ ಮಾತೇ ಇಲ್ಲ.

ಇಷ್ಟು ಕೈಗೆ ಹತ್ತಿದ ಮೇಲೆ ನಮ್ಮ ಕಡೆಯ ರುಮಾಲು ಮಾಡಿ ನೋಡಿ. ಇದು ನನಗೆ ಬಹಳ ಇಷ್ಟದ್ದು. ಕೇಸರಿ ಒಂದು, ಬಿಳಿ ಒಂದು, ಎರಡು 260 ಬಲೂನುಗಳನ್ನು ಒಂದರ ಮೇಲೊಂದು ಹಗ್ಗದಂತೆ ಹೊಸೆದು ತಲೆಯ ಅಳತೆಗೆ ಸುತ್ತು ಮಾಡಿ. ಸುತ್ತಿದ ಪಟಗಾದ ಮಡಿಕೆಗಳು ತಾವಾಗಿಯೇ ಕಾಣುತ್ತವೆ. ಒಂದು ಇಂಚು ದಪ್ಪದ 160 ಬಲೂನನ್ನು ಮೂರು ಮಡಿಕೆ ಮಾಡಿ ಬುಡದಲ್ಲಿ ತಿರುಗಿಸಿ, ಬಲಗಡೆ ತುರಾಯಿಯಾಗಿ ನಿಲ್ಲಿಸಿ. ಮದುವೆ ಮನೆಯಲ್ಲಿ ಇದನ್ನು ಕಂಡ ಮುದುಕರು ತಾವೇ ಮುಂದೆ ಬಂದು ತಲೆ ಒಡ್ಡುತ್ತಾರೆ. ಕಾರ್ಟೂನಿನ ಆಕಾರಗಳಿಗೆ ಆ ಶಕ್ತಿಯಿಲ್ಲ.

ಇನ್ನು ಸಾಲು. ಒಂದು ಟೊಪ್ಪಿಗೆಗೆ ಎರಡು ನಿಮಿಷ ಹಿಡಿದರೆ 60 ಮಕ್ಕಳಿಗೆ ಎರಡು ತಾಸು ಬೇಕು. ಕಾರ್ಯಕ್ರಮ ಅಷ್ಟು ಹೊತ್ತು ನಡೆಯುವುದಿಲ್ಲ. ಆದ್ದರಿಂದ 'ಏನು ಬೇಕು' ಎಂದು ಕೇಳಬೇಡಿ, ಮೂರು ನಮೂನೆ ಮಾಡಿ ಎದುರಿಗೆ ತೂಗುಹಾಕಿ 'ಇದರಾಗ ಯಾವ್ದು?' ಎನ್ನಿ. ಎಷ್ಟು ಮಕ್ಕಳಿಗೆ ಆಗುತ್ತದೆಂದು ಕರೆದವರಿಗೆ ಮೊದಲೇ ಹೇಳಿಬಿಡಿ. ಸಾಲಿನ ಕೊನೆಯ ಮಗು ಬರಿಗೈಲಿ ಹೋಗುವುದು ಮಾತ್ರ ಆಗಬಾರದು, ಅದಕ್ಕೆ ಒಂದೇ ಬಲೂನಿನ ಸುತ್ತಾದರೂ ಸಿಗಲಿ.

ಮೊದಲ ಟೊಪ್ಪಿಗೆಯನ್ನು ಮನೆಯ ಹಿರಿಯರಿಗೆ ಹಾಕಿ. 'ಅಜ್ಜಾರ, ಮೊದ್ಲ ನಿಮಗ' ಅಂದರೆ ಸಾಕು, ಅಜ್ಜನ ತಲೆಯ ಮೇಲೆ ತುರಾಯಿ ಅಲ್ಲಾಡಿದ ಕೂಡಲೇ ಇಡೀ ಪೆಂಡಾಲು ನಿಮ್ಮ ಕಡೆ ತಿರುಗುತ್ತದೆ. ನಗಿಸುವವರು ನೀವಲ್ಲ, ಟೊಪ್ಪಿಗೆ ಹಾಕಿಕೊಂಡವರು. ನೀವು ಬರೀ ಕನ್ನಡಿ ಹಿಡಿಯಿರಿ. ನಿಜವಾಗಿಯೂ ಒಂದು ಕನ್ನಡಿ ಜೊತೆಗಿಟ್ಟುಕೊಳ್ಳಿ, ತಮ್ಮ ಮುಖ ತಾವು ನೋಡಿಕೊಂಡಾಗ ಬರುವ ನಗು ಬೇರೆ.

ಕೇಳದೆ ಯಾರ ತಲೆಗೂ ಕೈ ಹಾಕಬೇಡಿ. ನಮ್ಮ ಭಾಗದಲ್ಲಿ ತಲೆಯ ಮೇಲೆ ಸೆರಗು ಹೊದ್ದ ತಾಯಂದಿರಿದ್ದಾರೆ, ಟೋಪಿ ಹಾಕಿದ ಮುಸ್ಲಿಂ ಹಿರಿಯರಿದ್ದಾರೆ. ಬೀದರಿನಲ್ಲಿ ಗುರುದ್ವಾರ ನಾನಕ್ ಝೀರಾ ಸಾಹಿಬ್ ಇರುವುದರಿಂದ ಪಗಡಿ ಕಟ್ಟಿದ ಸಿಖ್ಖರೂ ಕಾರ್ಯಕ್ರಮಗಳಿಗೆ ಬರುತ್ತಾರೆ. ಅವರಿಗೆ ಕೈಗೆ ಕಡಗವನ್ನೋ ಹೂವನ್ನೋ ಮಾಡಿಕೊಡಿ, ಅಷ್ಟೇ ಪ್ರೀತಿಯಿಂದ. ಜಾವಳದ ಮಗುವಿನ ಆಗಷ್ಟೇ ಬೋಳಿಸಿದ ತಲೆಗೆ ರಬ್ಬರು ತಾಗಿಸಲೇಬೇಡಿ, ಅದರ ಟೊಪ್ಪಿಗೆ ಸೋದರಮಾವನ ತಲೆಗೆ ಹೋಗಲಿ.

ಪ್ರಶ್ನೆ: ಯಾದಗಿರಿಯಲ್ಲಿ ಏಪ್ರಿಲ್ ಕೊನೆಗೆ ಮಗನ ಹುಟ್ಟುಹಬ್ಬ. ಹೋದ ವರ್ಷ ಎ.ಸಿ. ಹಾಲಿನಲ್ಲಿ ಮಾಡಿದ ಟೊಪ್ಪಿಗೆಗಳು ಹೊರಗೆ ಬಂದ ಕೂಡಲೇ ಪಟಪಟ ಒಡೆದು ಮಕ್ಕಳು ಅತ್ತರು. ಬಿಸಿಲಿಗೆ ಬಲೂನು ಆಗಿಬರುವುದಿಲ್ಲವೇ?

ಉತ್ತರ: ಆಗಿಬರುತ್ತದೆ, ಗಾಳಿ ಕಡಿಮೆ ತುಂಬಬೇಕು. 24 ಡಿಗ್ರಿ ಇರುವ ಹಾಲಿನಿಂದ 42 ಡಿಗ್ರಿಯ ಹೊರಗಿನ ಸೆಕೆಗೆ ಬಂದರೆ ಒಳಗಿನ ಗಾಳಿ ಶೇ 6ರಷ್ಟು ಹಿಗ್ಗುತ್ತದೆ. ತಿರುವುಗಳಲ್ಲಿ ಮೊದಲೇ ಬಿಗಿದು ನಿಂತ ರಬ್ಬರಿಗೆ ಅಷ್ಟು ಹೆಚ್ಚಾದರೂ ಸಾಕು. ನೇರ ಬಿಸಿಲು ಬಿದ್ದರೆ ಕಪ್ಪು, ಕಡುನೀಲಿ ಬಣ್ಣದವು ಇನ್ನೂ ಬೇಗ ಕಾಯುತ್ತವೆ. ಬಿಳಿ, ಹಳದಿ, ತಿಳಿ ಬಣ್ಣದವನ್ನೇ ತರಿಸಿ. ನಾಲ್ಕು ಬೆರಳಿನ ಬದಲು ಒಂದು ಗೇಣು ಬಾಲ ಬಿಡಲು ಹೇಳಿ. ಬಲೂನು ಮಾಡುವವರನ್ನು ಹೊರಗಿನ ನೆರಳಿನಲ್ಲೇ ಕೂಡಿಸಿ, ಹೊತ್ತು ಇಳಿದ ಮೇಲೆ ಶುರು ಮಾಡಿಸಿ.

ಬಲೂನಿನ ರಬ್ಬರಿಗೆ ಎಣ್ಣೆಯೂ ಆಗದು. ಎಣ್ಣೆ ಹಚ್ಚಿ ಬಾಚಿದ ತಲೆಯಾದರೆ ಮೊದಲು ಒಂದು ಕರವಸ್ತ್ರ ಕಟ್ಟಿ. ಹೇರ್‌ಪಿನ್ನು, ಜರಿಯ ಎಳೆ, ಅಂಗಳದ ಜಾಲಿಮುಳ್ಳು ಇವನ್ನೂ ನೋಡಿಕೊಳ್ಳಿ. ಪೊಟ್ಟಣವನ್ನು ಬಿಸಿಲಿಗೆ ಕಾದ ಬೈಕಿನ ಡಿಕ್ಕಿಯಲ್ಲೇ ಇಟ್ಟುಬಿಟ್ಟರೆ ಬಲೂನು ಬೇಗ ಕೆಡುತ್ತದೆ. ತಂಪಾದ, ಕತ್ತಲಿರುವ ಜಾಗದಲ್ಲಿ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.

ಜಾತ್ರೆಯಲ್ಲಿ ಹಾರುವ ಬಲೂನು ಮಾರುವವರ ಸಿಲಿಂಡರ್ ತರಿಸುವ ಯೋಚನೆಯಿದ್ದರೆ ದಯವಿಟ್ಟು ಬಿಡಿ. ಅಂಥ ಕಡೆ ಹೈಡ್ರೋಜನ್ ಬಳಸುವುದುಂಟು, ಕೇಕಿನ ಮೇಣದಬತ್ತಿ ಹತ್ತಿರವಿದ್ದರೆ ಹೊತ್ತಿಕೊಳ್ಳುತ್ತದೆ. ಟೊಪ್ಪಿಗೆಗೆ ಪಂಪಿನ ಗಾಳಿಯೇ ಸಾಕು.

ಪ್ರಶ್ನೆ: ನನ್ನ ಮಗಳಿಗೆ ಎರಡು ವರ್ಷ. ಬಲೂನು ಕಂಡರೆ ಬಾಯಿಗೆ ಹಾಕುತ್ತಾಳೆ. ಟೊಪ್ಪಿಗೆ ಹಾಕಿಸಬಹುದೇ? ಶಹಾಪುರದ ಒಬ್ಬ ತಾಯಿ.

ಉತ್ತರ: ಬೇಡ ತಾಯಿ. ಒಡೆದ ಬಲೂನಿನ ಚೂರು ಗಂಟಲಿಗೆ ಹೋದರೆ ಶ್ವಾಸನಾಳಕ್ಕೆ ಅಂಟಿ ಕೂರುತ್ತದೆ, ಕೆಮ್ಮಿದರೂ ಬರುವುದಿಲ್ಲ. ಅಮೆರಿಕದಲ್ಲಿ 8 ವರ್ಷದೊಳಗಿನ ಮಕ್ಕಳಿಗೆ ಇದರಿಂದ ಉಸಿರು ಕಟ್ಟುವ ಅಪಾಯವಿದೆ ಎಂದು ಪೊಟ್ಟಣದ ಮೇಲೆ ಮುದ್ರಿಸುವುದು ಕಡ್ಡಾಯ. ಊದದ ಬಲೂನೂ ಅಷ್ಟೇ ಅಪಾಯ. ಟೊಪ್ಪಿಗೆಯನ್ನು ನೀವು ಹಾಕಿಕೊಳ್ಳಿ, ಆಕೆ ದೂರದಿಂದ ನೋಡಿ ನಗಲಿ. ಮೂರರಿಂದ ಎಂಟರವರೆಗಿನ ಮಕ್ಕಳು ಹಾಕಿಕೊಂಡಾಗ ದೊಡ್ಡವರೊಬ್ಬರು ಪಕ್ಕದಲ್ಲೇ ಇರಬೇಕು.

ಬಲೂನು ತಾಗಿದ ಕಡೆ ತುರಿಕೆ, ದದ್ದು ಎದ್ದರೆ ಅದು ರಬ್ಬರಿನ ಅಲರ್ಜಿ ಇರಬಹುದು. ಅಂಥ ಕೆಲವರಿಗೆ ಬಾಳೆಹಣ್ಣೂ ಪಪ್ಪಾಯಿಯೂ ಆಗಿಬರುವುದಿಲ್ಲ. ಕೂಡಲೇ ತೆಗೆದು ವೈದ್ಯರಿಗೆ ತೋರಿಸಿ, ಮುಂದೆ ಆ ಮಗುವಿಗೆ ಬಣ್ಣದ ಕಾಗದದ ಟೊಪ್ಪಿಗೆ ಮಾಡಿಸಿ.

ಪ್ರಶ್ನೆ: ಹುಮನಾಬಾದ್ ತಾಲ್ಲೂಕಿನಲ್ಲಿ ಹೈಸ್ಕೂಲ್ ಶಿಕ್ಷಕಿ. ಶಾಲೆಯ ವಾರ್ಷಿಕೋತ್ಸವಕ್ಕೆ ಮಕ್ಕಳೇ ಟೊಪ್ಪಿಗೆ ಮಾಡುತ್ತಾರೆ. ಇದನ್ನು ವಿಜ್ಞಾನದ ಪಾಠಕ್ಕೂ ಜೋಡಿಸಬಹುದೇ?

ಉತ್ತರ: ಧಾರಾಳವಾಗಿ, ಮೇಡಂ. ರಬ್ಬರ್ ಬಲೂನು ಹುಟ್ಟಿದ್ದೇ ಪ್ರಯೋಗಾಲಯದಲ್ಲಿ. 1824ರಲ್ಲಿ ಮೈಕೆಲ್ ಫ್ಯಾರಡೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹೈಡ್ರೋಜನ್ ತುಂಬಿ ನೋಡಲು ಎರಡು ರಬ್ಬರ್ ಹಾಳೆಗಳ ಅಂಚು ಒತ್ತಿ ಚೀಲ ಮಾಡಿದರು, ಒಳಗೆ ಅಂಟದಿರಲೆಂದು ಹಿಟ್ಟು ಉದುರಿಸಿದ್ದರು. ವಿದ್ಯುತ್ ಪಾಠದಲ್ಲಿ ಬರುವ ಅದೇ ಫ್ಯಾರಡೆ ಎಂದರೆ ಮಕ್ಕಳು ಕಣ್ಣರಳಿಸುತ್ತಾರೆ.

ಒಂದು ಬಲೂನಿನ ಸುತ್ತಳತೆಯನ್ನು ತರಗತಿಯ ನೆರಳಿನಲ್ಲಿ ದಾರದಿಂದ ಅಳೆಯಿಸಿ, ಅಂಗಳದ ಬಿಸಿಲಿನಲ್ಲಿಟ್ಟು ಮತ್ತೆ ಅಳೆಯಿಸಿ. ನಿಮ್ಮ ಜಿಲ್ಲೆಯ ಬೇಸಿಗೆಯಲ್ಲಿ ವ್ಯತ್ಯಾಸ ದಾರದ ಮೇಲೆ ಕಾಣಿಸಬಹುದು. ಪಂಪು ಇಬ್ಬರಿಗೊಂದಾದರೂ ಇರಲಿ, ಬಾಯಿಂದ ಊದಿಸಬೇಡಿ. ಮುಗಿದ ಮೇಲೆ ಚೂರುಗಳನ್ನು ಆರಿಸಿಯೇ ಮಕ್ಕಳನ್ನು ಮನೆಗೆ ಬಿಡಿ. ಸಹಜ ರಬ್ಬರಾದರೂ ಮಣ್ಣಿನಲ್ಲಿ ಕೊಳೆಯಲು ತಿಂಗಳುಗಟ್ಟಲೆ ಬೇಕು, ಅಷ್ಟರೊಳಗೆ ಅಂಗಳಕ್ಕೆ ಮೇಯಲು ಬರುವ ಆಡು, ಆಕಳು ಅದನ್ನು ನುಂಗಿಬಿಡುತ್ತವೆ.