ಸೀರೆಯುಟ್ಟ ಮರಿಯಮ್ಮ, ಬಿರುಕು ಬಿಡುವ ಗೆಸ್ಸೊ

ಮೈಸೂರು ಶೈಲಿಯಲ್ಲಿ ಯೇಸುವಿನ ತಾಯಿ ಮಾತೆ ಮರಿಯಮ್ಮನವರ ಚಿತ್ರ ಬರೆಯುವಾಗ ಪ್ರಭೆಯ ಗೆಸ್ಸೊ (ಬಿಳಿ ಪುಡಿ, ಗೋಂದು ಕಲಸಿ ಇಡುವ ಉಬ್ಬು ಲೇಪ) ಬಿರುಕು ಬಿಡುತ್ತಿದೆ, ಸೀರೆ ಉಡಿಸಿದರೆ ತಪ್ಪೇ ಎಂದು ಕೇಳಿದ್ದೀರಿ.

ಬಿರುಕಿಗೆ ಕಾರಣ ಹೆಚ್ಚಾಗಿ ದಪ್ಪ. ತಂಜಾವೂರಿನವರ ಹಾಗೆ ಉಬ್ಬಿಸಬೇಡಿ. ನಮ್ಮ ಮೈಸೂರಿನ ಗೆಸ್ಸೊ ಬೆರಳಿಗೆ ತಾಗುವಷ್ಟಿದ್ದರೆ ಸಾಕು. ಜಿಂಕ್ ಆಕ್ಸೈಡ್ ಪುಡಿಯನ್ನು ಅರೇಬಿಕ್ ಗೋಂದಿನ ನೀರಲ್ಲಿ ನುಣ್ಣಗೆ ಅರೆದು, ಸಣ್ಣ ಕುಂಚದಿಂದ ಎಳೆ ಎಳೆಯಾಗಿ ಇಡಿ. ಒಂದು ಪದರ ನೆರಳಲ್ಲೇ ಪೂರ್ತಿ ಒಣಗಿದ ಮೇಲೆ ಇನ್ನೊಂದು. ಗೋಂದು ಜಾಸ್ತಿಯಾದರೆ ಒಣಗುವಾಗ ಎಳೆದುಕೊಂಡು ಸೀಳುತ್ತದೆ, ಕಡಿಮೆಯಾದರೆ ಉಜ್ಜಿದಾಗ ಪುಡಿಯಾಗಿ ಉದುರುತ್ತದೆ. ರಟ್ಟಿನ ಚೂರಿನ ಮೇಲೆ ಒಂದು ಗೆರೆ ಎಳೆದು ಮರುದಿನ ನೋಡಿ. ಹಳೆಯ ಸೀಸದ ಬಿಳಿ ಬೇಡವೇ ಬೇಡ, ಅದು ವಿಷ.

ಸೀರೆಗೆ ಅಂಜಬೇಡಿ. ಗೋವಾದ ಚಿತ್ರಕಾರ ಆಂಜೆಲೊ ದ ಫೊನ್ಸೆಕಾ (1902–1967) ಸೀರೆಯುಟ್ಟ ಮರಿಯಮ್ಮನನ್ನೇ ಬರೆದರು. ಬೆಂಗಳೂರು ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾ ಚರ್ಚಿನಲ್ಲಿ ಮರಿಯಮ್ಮನ ಪ್ರತಿಮೆಗೇ ಸೀರೆ ಉಡಿಸುತ್ತಾರೆ. ಮರಿಯಮ್ಮನ ಚಿತ್ರಗಳಲ್ಲಿ ವಾಡಿಕೆಯಾದ ನೀಲಿ ಮೇಲುಹೊದಿಕೆಯನ್ನೇ ನೀಲಿ ಸೆರಗಾಗಿಸಿ ತಲೆಯ ಮೇಲೆ ತನ್ನಿ. ಪದ್ಮಾಸನ, ಅಭಯಹಸ್ತ ಮಾತ್ರ ಬೇಡ. ನೋಡಿದವರು ಲಕ್ಷ್ಮಿಯೆಂದೇ ಕೈಮುಗಿಯುತ್ತಾರೆ. ಎರಡೂ ಕೈ ಬಾಲಯೇಸುವನ್ನು ಹಿಡಿದಿರಲಿ.