ಚಳಿಗಾಗಿ ಕಾಯುವ ಬೀಜಗಳು: ಓದುಗರ ಪ್ರಶ್ನೆ, ತಜ್ಞರ ಉತ್ತರ

ಉತ್ತರ ಅಮೆರಿಕದ ಚಳಿ ಪ್ರದೇಶಗಳಲ್ಲಿ, ವರ್ಷಕ್ಕೆ ನಾಲ್ಕೈದು ತಿಂಗಳು ನೆಲ ಕಲ್ಲಿನಂತಾಗುವ ಕಡೆ, ಮನೆ ಸುತ್ತ ಆ ನೆಲದ್ದೇ ಗಿಡಗಳನ್ನು ಬೆಳೆಸಲು ಹೊರಟ ಓದುಗರ ಪ್ರಶ್ನೆಗಳು ಇವು. ಹೆಚ್ಚಿನವರ ಆತಂಕ ಒಂದೇ: ಗಿಡಗಳನ್ನು ಚಳಿಯಿಂದ ಹೇಗೆ ಕಾಪಾಡುವುದು? ಆದರೆ ಇವುಗಳಲ್ಲಿ ಬಹಳಷ್ಟಕ್ಕೆ ಚಳಿ ಬೇಕೇ ಬೇಕು. ಅದು ಸಿಗದಿದ್ದರೆ ಬೀಜ ಮೊಳೆಯುವುದೇ ಇಲ್ಲ. ಮೊದಲ ಪ್ರಶ್ನೆಯೂ ಅದೇ.

ಪ್ರಶ್ನೆ: ಏಪ್ರಿಲ್ ಮೊದಲ ವಾರ ಮಿಲ್ಕ್‌ವೀಡ್ ಬೀಜವನ್ನು ಕುಂಡದಲ್ಲಿ ಬಿತ್ತಿ, ಮನೆಯೊಳಗೆ ಬಿಸಿಲು ಬೀಳುವ ಕಿಟಕಿ ಹತ್ತಿರ ಇಟ್ಟೆ. ದಿನಾ ನೀರು ಕೊಟ್ಟೆ. ಐದು ವಾರ ಆಯ್ತು, ಒಂದೂ ಮೊಳಕೆ ಇಲ್ಲ. ಬೀಜವೇ ಹಾಳಾಗಿತ್ತಾ?

ಉತ್ತರ: ಬೀಜ ಹಾಳಾಗಿರುವ ಸಾಧ್ಯತೆ ಕಡಿಮೆ. ಅದಿನ್ನೂ ನಿದ್ದೆಯಲ್ಲಿದೆ.

ಮಿಲ್ಕ್‌ವೀಡ್ ಕಾಯಿ ಒಡೆದು ಬೀಜ ಗಾಳಿಗೆ ಹಾರುವುದು ಶರತ್ಕಾಲದಲ್ಲಿ. ಆಗ ಮಣ್ಣು ಇನ್ನೂ ಬೆಚ್ಚಗಿರುತ್ತದೆ, ಮಳೆಯೂ ಬೀಳುತ್ತದೆ. ಬಿದ್ದ ತಕ್ಷಣ ಮೊಳೆತರೆ ಎರಡೆಲೆಯ ಸಸಿ ಕೆಲವೇ ವಾರದಲ್ಲಿ ಹಿಮಕ್ಕೆ ಸಿಕ್ಕಿ ಸಾಯುತ್ತದೆ. ಹಾಗಾಗಿ ಬೀಜದೊಳಗೆ ಮೊಳಕೆಯನ್ನು ತಡೆದು ಹಿಡಿಯುವ ಏರ್ಪಾಡು ಇದೆ. ತಂಪು ಮತ್ತು ತೇವ ಎರಡೂ ಒಟ್ಟಿಗೆ, ವಾರಗಟ್ಟಲೆ ಸಿಕ್ಕಾಗ ಆ ತಡೆ ಮೆಲ್ಲಗೆ ಸಡಿಲವಾಗುತ್ತದೆ. ಚಳಿಗಾಲ ಮುಗಿಯಿತು ಎಂದು ಬೀಜಕ್ಕೆ ಗೊತ್ತಾಗುವುದೇ ಹೀಗೆ.

'ಎರಡೂ ಒಟ್ಟಿಗೆ' ಎನ್ನುವುದು ಮುಖ್ಯ. ತುಂಬಾ ಜನ ಪೊಟ್ಟಣವನ್ನು ಹಾಗೆಯೇ ಫ್ರಿಜ್‌ನಲ್ಲಿಟ್ಟು, ಚಳಿ ಕೊಟ್ಟಾಯ್ತು ಅಂದುಕೊಳ್ಳುತ್ತಾರೆ. ಒಣ ಬೀಜ ಫ್ರಿಜ್‌ನಲ್ಲಿ ಕೆಡದೆ ಇರುತ್ತದೆ, ಅಷ್ಟೇ. ಒಂದು ಹಿಡಿ ಮರಳನ್ನು ತೇವ ಮಾಡಿ. ಮುಟ್ಟಿದರೆ ಬೆರಳಿಗೆ ತಂಪು ಹತ್ತಬೇಕು, ಹಿಂಡಿದರೆ ನೀರು ತೊಟ್ಟಿಕ್ಕಬಾರದು. ಅದರಲ್ಲಿ ಬೀಜ ಬೆರೆಸಿ, ಜಿಪ್ ಚೀಲದಲ್ಲಿ ಹಾಕಿ, ಮೇಲೆ ಗಿಡದ ಹೆಸರು ಮತ್ತು ತಾರೀಕು ಬರೆದು ಫ್ರಿಜ್‌ನಲ್ಲಿಡಿ. 1ರಿಂದ 5 ಡಿಗ್ರಿ ಸೆಲ್ಸಿಯಸ್ ಸಾಕು. ಫ್ರೀಜರ್ ಬೇಡ, ಪೂರ್ತಿ ಹೆಪ್ಪುಗಟ್ಟಿದ ಬೀಜದಲ್ಲಿ ಈ ಕೆಲಸ ನಡೆಯುವುದಿಲ್ಲ. ಮಿಲ್ಕ್‌ವೀಡ್‌ಗೆ ಸುಮಾರು 30 ದಿನ ಕೊಡಿ. ನ್ಯೂ ಇಂಗ್ಲೆಂಡ್ ಆಸ್ಟರ್, ಗೋಲ್ಡನ್ ಅಲೆಕ್ಸಾಂಡರ್‌ನಂಥವಕ್ಕೆ ಎರಡು ತಿಂಗಳು ಕೊಡುವುದು ಒಳ್ಳೆಯದು.

ನನಗೆ ಇದಕ್ಕಿಂತ ಇಷ್ಟವಾದ ದಾರಿ ಹಾಲಿನ ಪ್ಲಾಸ್ಟಿಕ್ ಕ್ಯಾನ್. ಅರೆಪಾರದರ್ಶಕ ಕ್ಯಾನನ್ನು ನಡುವಿನಲ್ಲಿ ಸುತ್ತ ಕತ್ತರಿಸಿ. ಹಿಡಿಯ ಕೆಳಗೆ ಮಾತ್ರ ಸ್ವಲ್ಪ ಬಿಡಿ, ಅದು ಬಾಗಿಲಿನ ತಿರುಗಣಿಯಂತೆ ಕೆಲಸ ಮಾಡುತ್ತದೆ. ತಳಕ್ಕೆ ನಾಲ್ಕೈದು ತೂತು ಮಾಡಿ. ಎಂಟು-ಹತ್ತು ಸೆಂ.ಮೀ. ಒದ್ದೆ ಮಣ್ಣು ತುಂಬಿ, ಬಿತ್ತಿ, ಟೇಪ್ ಸುತ್ತಿ, ಮುಚ್ಚಳ ತೆಗೆದಿಟ್ಟು ಡಿಸೆಂಬರ್‌ನಲ್ಲೋ ಜನವರಿಯಲ್ಲೋ ಹೊರಗಿಡಿ. ಹಿಮ ಬೀಳಲಿ, ಕರಗಲಿ, ಮತ್ತೆ ಹೆಪ್ಪುಗಟ್ಟಲಿ. ವಸಂತದಲ್ಲಿ ಒಂದು ಬೆಳಗ್ಗೆ ಬಗ್ಗಿ ನೋಡಿದರೆ ಒಳಗೋಡೆ ತುಂಬಾ ಹಬೆಯ ಹನಿ, ಕೆಳಗೆ ಸಾಲಾಗಿ ಹಸಿರು ಎಲೆಗಳು. ಎಷ್ಟು ವರ್ಷ ನೋಡಿದರೂ ನನಗೆ ಆ ಸಂತೋಷ ಕಡಿಮೆಯಾಗಿಲ್ಲ.

ನಿಮ್ಮ ಕುಂಡವನ್ನು ಈಗ ಚೆಲ್ಲಬೇಡಿ. ಮಣ್ಣು ಕೊಳೆತ ವಾಸನೆ ಬರದಿದ್ದರೆ ಅದನ್ನು ಹಾಗೆಯೇ ಚೀಲದಲ್ಲಿ ಸುತ್ತಿ ಒಂದು ತಿಂಗಳು ಫ್ರಿಜ್‌ನಲ್ಲಿಡಿ. ಜೂನ್‌ನಲ್ಲಿ ಹೊರಬಂದರೂ ಚಳಿಗೆ ಮೊದಲು ಬೇರು ಬಿಡಲು ಸಮಯ ಇರುತ್ತದೆ.

ಇನ್ನೊಂದು ವಿಷಯ. ಮಿಲ್ಕ್‌ವೀಡ್ ಎಂದರೆ ನಮಗೆ ತೀರಾ ಹೊರಗಿನದಲ್ಲ, ನಮ್ಮ ಎಕ್ಕದ ಹತ್ತಿರದ ನೆಂಟ. ಎಲೆ ಮುರಿದರೆ ಅದೇ ಬಿಳಿ ಹಾಲು. ಅದೇ ಹಾಲಿನೆಲೆ ತಿಂದು ಬದುಕುವ ಮೊನಾರ್ಕ್ ಚಿಟ್ಟೆ, ನಮ್ಮಲ್ಲಿ ಎಕ್ಕದ ಮೇಲೆ ಮೊಟ್ಟೆ ಇಡುವ ಕಿತ್ತಳೆ ಚಿಟ್ಟೆಯ ಕುಲದ್ದೇ. ಮೊನಾರ್ಕ್ ಮರಿಹುಳುವಿಗೆ ಮಿಲ್ಕ್‌ವೀಡ್ ಬಿಟ್ಟು ಬೇರೆ ಊಟವಿಲ್ಲ. ನೀವು ಕಾಯುತ್ತಿರುವ ಆ ಮೊಳಕೆಯ ಬೆಲೆ ಅಷ್ಟು.

ಪ್ರಶ್ನೆ: ಅಕ್ಟೋಬರ್‌ನಲ್ಲಿ ಅಕ್ಕಪಕ್ಕದವರೆಲ್ಲ ಒಣಗಿದ ಗಿಡ ಕತ್ತರಿಸಿ, ಎಲೆ ಗುಡಿಸಿ, ಅಂಗಳ ಚೊಕ್ಕ ಮಾಡುತ್ತಾರೆ. ನಮ್ಮದು ಮಾತ್ರ ಕಂದು ಕಡ್ಡಿಗಳ ಪೊದೆ. ತೆಗೆದುಬಿಡಲಾ?

ಉತ್ತರ: ದಯವಿಟ್ಟು ಬಿಡಿ. ಆ ಕಡ್ಡಿಗಳು ಖಾಲಿ ಇಲ್ಲ.

ಒಂದು ಒಣ ಕಡ್ಡಿಯನ್ನು ಹತ್ತಿರದಿಂದ ನೋಡಿ. ಕತ್ತರಿಸಿದ ತುದಿಯ ನಡುವೆ ಬೆಂಡಿನಂಥ ತಿರುಳು ಕಾಣುತ್ತದೆ. ಕೆಲವು ಕಡ್ಡಿಗಳಲ್ಲಿ ಆ ತಿರುಳಿನ ಮಧ್ಯೆ ಪೆನ್ಸಿಲ್ ಸೀಸದಷ್ಟು ಅಗಲದ ದುಂಡು ತೂತು ಇರುತ್ತದೆ. ಪುಟ್ಟ ಕಾರ್ಪೆಂಟರ್ ಜೇನೊಂದು ಕೊರೆದ ದಾರಿ ಅದು. ಇಂಥ ಜೇನುಗಳು ಕಡ್ಡಿಯೊಳಗೆ ಒಂದರ ಹಿಂದೆ ಒಂದು ಕೂತು ಚಳಿಗಾಲ ಕಳೆಯುತ್ತವೆ. ಅಲ್ಲಿನ ಸ್ಥಳೀಯ ಜೇನು ಜಾತಿಗಳಲ್ಲಿ ಸುಮಾರು 30 ಶೇಕಡಾ ಹೀಗೆ ಕಡ್ಡಿ, ಮರದ ತೂತುಗಳಲ್ಲಿ ಗೂಡು ಮಾಡುವಂಥವು. ಉಳಿದ ಹೆಚ್ಚಿನವು ನೆಲದಡಿ ಇರುತ್ತವೆ. ಬಂಬಲ್ ಜೇನಿನ ಒಂದು ಗೂಡಿನವರಲ್ಲಿ ಚಳಿಗಾಲ ದಾಟಿ ಬದುಕುವುದು ಹೊಸ ರಾಣಿಯರು ಮಾತ್ರ. ಒಬ್ಬೊಬ್ಬಳೂ ಮಣ್ಣಿನಲ್ಲಿ ಕೆಲವೇ ಸೆಂ.ಮೀ. ಆಳದಲ್ಲಿ ಒಂಟಿಯಾಗಿ ಮಲಗಿರುತ್ತಾಳೆ. ಅವಳ ಮೇಲಿನ ಹೊದಿಕೆ ನಿಮ್ಮ ಒಣ ಎಲೆಗಳೇ. ಲೂನಾ ಪತಂಗ ಎಲೆ ಸುತ್ತಿಕೊಂಡೇ ಗೂಡು ಕಟ್ಟಿ ಉದುರಿದ ಎಲೆಗಳ ನಡುವೆ ಬಿದ್ದಿರುತ್ತದೆ. ಎಲೆ ಚೀಲಕ್ಕೆ ತುಂಬಿದರೆ ಅದೂ ಹೋಯಿತು. ಯಂತ್ರದಲ್ಲಿ ಪುಡಿ ಮಾಡಿದರಂತೂ ಉಳಿಯುವುದೇ ಇಲ್ಲ. ಇದರ ಜೊತೆಗೆ ಕೋನ್‌ಫ್ಲವರ್‌ನ ಮುಳ್ಳುತಲೆಯಿಂದ ಗೋಲ್ಡ್‌ಫಿಂಚ್ ಹಕ್ಕಿ ಬೀಜ ಕೀಳುವುದನ್ನು ನೀವೇ ಕಿಟಕಿಯಿಂದ ನೋಡಬಹುದು.

ಹಾಗಾದರೆ ಕತ್ತರಿಸುವುದು ಯಾವಾಗ? ವಸಂತದಲ್ಲಿ, ಹಗಲಿನ ಬಿಸಿ ಸತತವಾಗಿ 10 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ. ಆಗಲೂ ಬುಡಕ್ಕೆ ಕತ್ತರಿಸಬೇಡಿ. 20ರಿಂದ 60 ಸೆಂ.ಮೀ.ವರೆಗೆ ಬೇರೆ ಬೇರೆ ಎತ್ತರದ ಮೋಟು ಬಿಡಿ. ಕತ್ತರಿಸಿದ ಆ ಬಾಯಿಯಿಂದಲೇ ಜೇನು ಒಳಗೆ ಹೋಗಿ ಬೇಸಿಗೆಯಲ್ಲಿ ಮೊಟ್ಟೆ ಇಡುತ್ತದೆ. ಮರಿಗಳು ಮುಂದಿನ ಚಳಿಗಾಲವನ್ನೂ ಅದೇ ಮೋಟಿನಲ್ಲಿ ಕಳೆಯಬಹುದು, ಆದ್ದರಿಂದ ಮೋಟುಗಳು ತಾವಾಗಿ ಬೀಳುವವರೆಗೆ ಇರಲಿ. ಜೂನ್ ಹೊತ್ತಿಗೆ ಹೊಸ ಚಿಗುರು ಅವನ್ನು ಮುಚ್ಚಿಬಿಡುತ್ತದೆ. ಮೇಲ್ಭಾಗ ಕತ್ತರಿಸಿದ ಕಡ್ಡಿಗಳನ್ನು ಸುಮ್ನೆ ಒಂದು ಮೂಲೆಯಲ್ಲಿ ಸಡಿಲವಾಗಿ ರಾಶಿ ಹಾಕಿ.

ಅಕ್ಕಪಕ್ಕದವರ ಮಾತೂ ಮುಖ್ಯವೇ, ಅಲ್ವಾ? ಅದಕ್ಕೆ ದಾರಿ ಇದೆ. ಕಾಲುದಾರಿಯ ಅಂಚಿನಲ್ಲಿ ಅರ್ಧ ಮೀಟರ್ ಅಗಲ ಹುಲ್ಲನ್ನು ಒಪ್ಪವಾಗಿ ಕತ್ತರಿಸಿ. ದಾರಿಗೆ ವಾಲಿದ ಕಡ್ಡಿ ತೆಗೆಯಿರಿ. ಹುಲ್ಲುಹಾಸಿನ ಎಲೆಗಳನ್ನು ಗುಡಿಸಿ ಗಿಡಗಳ ಬುಡಕ್ಕೆ ಹಾಕಿ. ಅಂಚು ನೇರವಾಗಿದ್ದರೆ ಒಳಗಿನ ಪೊದೆ ಬೇಕೆಂದೇ ಬೆಳೆಸಿದ್ದು ಎಂದು ನೋಡಿದವರಿಗೆ ಅರ್ಥವಾಗುತ್ತದೆ. ರೋಗ ಹಿಡಿದ ಗಿಡಗಳನ್ನು ಮಾತ್ರ ಶರತ್ಕಾಲದಲ್ಲೇ ತೆಗೆದುಹಾಕಿ.

ಪ್ರಶ್ನೆ: ಶರತ್ಕಾಲದಲ್ಲಿ ನೆಟ್ಟ ಪುಟ್ಟ ಸಸಿಗಳು ಮಾರ್ಚ್‌ನಲ್ಲಿ ನೋಡಿದರೆ ಬೇರುಸಮೇತ ಮಣ್ಣಿನ ಮೇಲೆ ಕೂತಿವೆ. ಯಾವುದೋ ಪ್ರಾಣಿ ಕಿತ್ತಿರಬಹುದಾ?

ಉತ್ತರ: ಅಳಿಲು ಕಿತ್ತಿದ್ದರೆ ಪಕ್ಕದಲ್ಲಿ ಗುಂಡಿ, ಕೆದರಿದ ಮಣ್ಣು ಇರುತ್ತಿತ್ತು. ಕುಂಡದ ಆಕಾರ ಮಾಸದ ಬೇರಿನ ಮುದ್ದೆ ನೆಟ್ಟಗೆ ಮೇಲೆದ್ದಿದ್ದರೆ ಅದು ಮಂಜುಗಡ್ಡೆಯ ಕೆಲಸ. ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ದಿನಗಳಲ್ಲಿ ಮಣ್ಣಿನೊಳಗೆ ಮಂಜಿನ ಪದರ ಬೆಳೆದು ಸಸಿಯನ್ನು ಸ್ವಲ್ಪ ಸ್ವಲ್ಪವೇ ಮೇಲಕ್ಕೆ ನೂಕುತ್ತದೆ. ಬೇರು ಅಕ್ಕಪಕ್ಕದ ಮಣ್ಣನ್ನು ಇನ್ನೂ ಹಿಡಿದಿರುವುದಿಲ್ಲ, ಹಾಗಾಗಿ ಎದ್ದು ಬರುತ್ತದೆ.

ಕಂಡ ದಿನವೇ ಮೆಲ್ಲಗೆ ಒಳಗೆ ಒತ್ತಿ, ಬುಡಕ್ಕೆ ಮಣ್ಣು ಎಳೆಯಿರಿ. ಬೇರು ಒಣಗಿರದಿದ್ದರೆ ಹೆಚ್ಚಿನವು ಬದುಕುತ್ತವೆ. ಮುಂದಿನ ಸಲ ನೆಲ ಹೆಪ್ಪುಗಟ್ಟುವುದಕ್ಕೆ ಕನಿಷ್ಠ ಆರು ವಾರ ಮೊದಲು ನೆಡಿ. ಮತ್ತೆ ಎಲೆಯ ಹೊದಿಕೆಯನ್ನು ನೆಲ ಹೆಪ್ಪುಗಟ್ಟಿದ ಮೇಲೆ ಹಾಕಿ. ಇದು ಅನೇಕರಿಗೆ ಉಲ್ಟಾ ಅನಿಸುತ್ತದೆ. ಹೊದಿಕೆ ಇರುವುದು ನೆಲವನ್ನು ಬೆಚ್ಚಗಿಡಲು ಅಲ್ಲ, ಹೆಪ್ಪುಗಟ್ಟಿದ್ದನ್ನು ಪದೇ ಪದೇ ಕರಗದಂತೆ ಹಾಗೆಯೇ ಇಡಲು. ಹಿಮ ದಪ್ಪವಾಗಿ ಬಿದ್ದ ವರ್ಷ ಆ ಕೆಲಸವನ್ನು ಹಿಮವೇ ಮಾಡುತ್ತದೆ. ಗಾಳಿ ಸೊನ್ನೆಗಿಂತ 25 ಡಿಗ್ರಿ ಕೆಳಗಿಳಿದರೂ ದಪ್ಪ ಹಿಮದಡಿಯ ನೆಲ ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ. ಹಿಮವಿಲ್ಲದ ಬೋಳು ಚಳಿಗಾಲವೇ ಗಿಡಕ್ಕೆ ಕಷ್ಟ.

ಪ್ರಶ್ನೆ: ಬಟರ್‌ಫ್ಲೈ ವೀಡ್ ನೆಟ್ಟು ಎರಡು ವರ್ಷ. ಹೂವಿಲ್ಲ, ಅಂಗೈ ಎತ್ತರ ಅಷ್ಟೇ. ಗೊಬ್ಬರ ಹಾಕಲಾ?

ಉತ್ತರ: ಬೇಡ. ಅದು ಕೆಳಗೆ ಬೆಳೆಯುತ್ತಿದೆ, ಆಳಕ್ಕೆ ಇಳಿಯುವ ತಾಯಿಬೇರು ಅದರದ್ದು. ಅಲ್ಲಿನ ಬಯಲು ಹುಲ್ಲುಗಾವಲಿನ ಹುಲ್ಲು, ಹೂಗಿಡಗಳು ಮೊದಲು ಬೇರಿಗೆ ದುಡಿಯುತ್ತವೆ, ಕೆಲವಂತೂ ಎರಡು-ಮೂರು ಮೀಟರ್ ಆಳಕ್ಕೆ ಹೋಗುತ್ತವೆ. ಮೂರನೇ ವರ್ಷ ಹೂವು ನಿರೀಕ್ಷಿಸಿ. ಗೊಬ್ಬರ ಹಾಕಿದರೆ ಕಾಂಡ ಉದ್ದವಾಗಿ ಅಡ್ಡಬೀಳುತ್ತದೆ, ಸುತ್ತಲಿನ ಕಳೆಗೆ ಲಾಭ ಜಾಸ್ತಿ. ಬಿಸಿಲು ಮತ್ತು ನೀರು ನಿಲ್ಲದ ಜಾಗ ಇದೆಯಾ ಅಂತ ಮಾತ್ರ ನೋಡಿ. ಮತ್ತೆ ಈ ಗಿಡ ವಸಂತದಲ್ಲಿ ತೀರಾ ತಡವಾಗಿ ಏಳುತ್ತದೆ. ಮೇ ಕೊನೆಯವರೆಗೂ ಸತ್ತಿದೆ ಎಂದು ಅಗೆಯಬೇಡಿ. ಹೋದ ವರ್ಷದ ಕಡ್ಡಿಯನ್ನು ಅಲ್ಲೇ ಬಿಟ್ಟರೆ ಅದೇ ಗುರುತು.

ಪ್ರಶ್ನೆ: ಹಿಮ ಕರಗಿದ ದಿನದಿಂದ ಮತ್ತೆ ಬೀಳುವವರೆಗೂ ಒಂದಲ್ಲ ಒಂದು ಹೂವಿರಬೇಕು ಎಂದು ಆಸೆ. ಸ್ವಲ್ಪ ನೆರಳು, ಸ್ವಲ್ಪ ಬಿಸಿಲಿನ ಅಂಗಳ. ಏನು ಹಾಕಲಿ?

ಉತ್ತರ: ಬೇಸಿಗೆ ಸುಲಭ. ಕೋನ್‌ಫ್ಲವರ್, ಬರ್ಗಮಾಟ್, ಮಿಲ್ಕ್‌ವೀಡ್ ಇದ್ದರೆ ಜೂನ್‌ನಿಂದ ಆಗಸ್ಟ್ ತುಂಬಿಹೋಗುತ್ತದೆ. ಜನ ಮರೆಯುವುದು ಎರಡು ತುದಿಗಳನ್ನು.

ವಸಂತಕ್ಕೆ, ಎಲೆ ಉದುರುವ ಮರಗಳ ಕೆಳಗೆ ಬ್ಲಡ್‌ರೂಟ್ ಹಾಕಿ. ಮರ ಚಿಗುರುವ ಮೊದಲು ನೆಲಕ್ಕೆ ಬೀಳುವ ಕೆಲವೇ ವಾರಗಳ ಬಿಸಿಲಲ್ಲಿ ಅದು ಹೂ ಬಿಡುವ ಕೆಲಸ ಮುಗಿಸಿಕೊಳ್ಳುತ್ತದೆ. ಮೊಗ್ಗು ಮೇಲೆ ಬರುವಾಗ ಒಂದೇ ಎಲೆ ಅದನ್ನು ಶಾಲಿನಂತೆ ಸುತ್ತಿಕೊಂಡಿರುತ್ತದೆ. ಬಿಸಿಲೇರಿದಾಗ ಬಿಳಿ ಹೂ ಬಿಚ್ಚುತ್ತದೆ, ಸಂಜೆ ಮುಚ್ಚುತ್ತದೆ. ಕೆಲವೇ ದಿನದ ಹೂವು. ಅದರ ಬೀಜಕ್ಕೆ ಕೊಬ್ಬಿನ ಸಣ್ಣ ತುಣುಕು ಅಂಟಿರುತ್ತದೆ. ಅದರಾಸೆಗೆ ಇರುವೆ ಬೀಜ ಹೊತ್ತು ಒಯ್ದು, ತುಣುಕು ತಿಂದು, ಬೀಜವನ್ನು ಗೂಡಿನ ಬಳಿಯ ಮಣ್ಣಿನಲ್ಲಿ ಬಿಡುತ್ತದೆ. ಟ್ರಿಲಿಯಂ ಕೂಡ ಹೀಗೆಯೇ ಹರಡುತ್ತದೆ. ಆದರೆ ಅದಕ್ಕೆ ಎರಡು ಚಳಿಗಾಲ ಬೇಕು: ಮೊದಲನೆಯದರ ನಂತರ ಬೇರು, ಎರಡನೆಯದರ ನಂತರ ಎಲೆ. ಬೀಜದಿಂದ ಹೂವಿಗೆ ಏಳು ವರ್ಷವಾದರೂ ಹಿಡಿಯುತ್ತದೆ. ಹಾಗಾಗಿ ಅಗ್ಗಕ್ಕೆ ಸಿಗುವ ದೊಡ್ಡ ಟ್ರಿಲಿಯಂ ಗಿಡ ಕಂಡರೆ ಎಲ್ಲಿಂದ ಬಂತು ಎಂದು ಕೇಳಿ. ಕಾಡಿನಿಂದ ಅಗೆದು ತಂದಿದ್ದರೆ ಕೊಳ್ಳಲೇಬೇಡಿ. ಬಿಸಿಲಿನ ಒಣ ಜಾಗಕ್ಕೆ ಪಾಸ್ಕ್ ಹೂವು ಸರಿ, ಮೈತುಂಬ ಬೆಳ್ಳಿ ರೋಮ ಹೊದ್ದು ಹಿಮದ ಬೆನ್ನಿಗೇ ಅರಳುತ್ತದೆ.

ಶರತ್ಕಾಲಕ್ಕೆ ನ್ಯೂ ಇಂಗ್ಲೆಂಡ್ ಆಸ್ಟರ್ ಮತ್ತು ಗೋಲ್ಡನ್‌ರಾಡ್, ಎರಡನ್ನೂ ಅಕ್ಕಪಕ್ಕ ಹಾಕಿ. ನೇರಳೆ, ಹಳದಿ ಒಟ್ಟಿಗೆ ಇದ್ದರೆ ನೋಡಲೇ ಒಂದು ಚೆಂದ. ಗೋಲ್ಡನ್‌ರಾಡ್‌ನಿಂದ ಸೀನು, ಮೂಗು ಸೋರುವುದು ಬರುತ್ತದೆ ಎಂಬ ಹೆದರಿಕೆ ಬೇಡ. ಅದರ ಪರಾಗ ಅಂಟು, ಭಾರ; ಅದನ್ನು ಕೀಟಗಳೇ ಹೊರಬೇಕು. ಸೀನು ತರಿಸುವುದು ಅದೇ ಹೊತ್ತಿಗೆ ಹೂ ಬಿಟ್ಟು ಗಾಳಿಗೆ ಪರಾಗ ಚೆಲ್ಲುವ ರಾಗ್‌ವೀಡ್. ಹೊಸ ಬಂಬಲ್ ರಾಣಿಯರು ನೆಲ ಸೇರುವ ಮೊದಲು ಮೈಯಲ್ಲಿ ಕೊಬ್ಬು ತುಂಬಿಕೊಳ್ಳುವುದು ಈ ಎರಡು ಗಿಡಗಳಂಥವುಗಳಿಂದಲೇ.

ಕೊನೆಗೆ ನೆರಳಿನಂಚಿಗೆ ಒಂದು ವಿಚ್ ಹೇಜಲ್. ಇದು ಮೂರು-ನಾಲ್ಕು ಮೀಟರ್ ಬೆಳೆಯುವ ಪೊದೆ, ಜಾಗ ಬಿಟ್ಟು ನೆಡಿ. ಪೂರ್ವ ಭಾಗದ ಕಾಡುಗಳಲ್ಲಿನ ಜಾತಿಯನ್ನೇ ಆರಿಸಿ, ಅದು ಅಕ್ಟೋಬರ್, ನವೆಂಬರ್‌ನಲ್ಲಿ ಎಲೆ ಉದುರುವ ಹೊತ್ತಿಗೆ ಹೂ ಬಿಡುತ್ತದೆ. ಬೋಳು ಕೊಂಬೆಯ ಮೇಲೆ ಹಳದಿ ದಾರದ ಎಳೆಗಳಂಥ ದಳಗಳು. ಆ ಚಳಿಯಲ್ಲೂ ಕೆಲವು ಪತಂಗಗಳು ಮೈ ನಡುಗಿಸಿ ಬಿಸಿ ಮಾಡಿಕೊಂಡು ರಾತ್ರಿ ಅದರ ಬಳಿ ಬರುತ್ತವೆ. ಕಾಯಿ ಮಾಗುವುದು ಮುಂದಿನ ಶರತ್ಕಾಲಕ್ಕೆ, ಹೊಸ ಹೂವಿನ ಪಕ್ಕದಲ್ಲೇ. ಒಣಗಿದ ಕಾಯಿ ಟಪ್ ಎಂದು ಒಡೆದು ಕಪ್ಪು ಬೀಜ ಹಲವು ಮೀಟರ್ ದೂರ ಸಿಡಿಯುತ್ತದೆ. ಬೀಜ ಸಿಕ್ಕರೆ ಒಂದು ಕುಂಡದಲ್ಲಿ ಬಿತ್ತಿ, ಮೇಲೆ ತಂತಿಬಲೆ ಮುಚ್ಚಿ ಹೊರಗೇ ಇಡಿ. ಮೊದಲ ವಸಂತದಲ್ಲಿ ಏನೂ ಕಾಣದಿದ್ದರೆ ಕುಂಡ ಚೆಲ್ಲಬೇಡಿ. ಅದೂ ಸಾಮಾನ್ಯವಾಗಿ ಎರಡನೇ ಚಳಿಗಾಲ ಕಳೆದ ಮೇಲೆಯೇ ಮೊಳೆಯುತ್ತದೆ.