ಬೋರಾನ್ ಹೊತ್ತಿಕೊಳ್ಳಲು ಏಕೆ ತಡಮಾಡುತ್ತದೆ?

ಪ್ರಶ್ನೆ: ಹೊರಗಿನ ಗಾಳಿಯನ್ನೇ ಬಳಸಿ ಉರಿಯುವ ರಾಮ್‌ಜೆಟ್‌ಗಳ ಘನ ಇಂಧನಕ್ಕೆ ಬೋರಾನ್ ಪುಡಿ ಬೆರೆಸುತ್ತಾರೆಂದು ಓದಿದೆ. ಅದರಲ್ಲಿ ಅಷ್ಟೊಂದು ಶಕ್ತಿಯಿದ್ದರೆ ಎಲ್ಲ ಕಡೆಯೂ ಏಕೆ ಬಳಸುವುದಿಲ್ಲ? ನಮ್ಮ ಚಳ್ಳಕೆರೆಯ ಪರೀಕ್ಷಾ ವಲಯದಲ್ಲಿ ಇಂಥ ಎಂಜಿನ್‌ಗಳನ್ನು ಹಾರಿಸುತ್ತಾರೆಯೇ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ಒಂದು ಕಿಲೋ ಬೋರಾನ್ ಪೂರ್ತಿ ಉರಿದರೆ ಸುಮಾರು 58 ಮೆಗಾಜೂಲ್ ಶಾಖ ಬರುತ್ತದೆ, ಸೀಮೆಎಣ್ಣೆಯಿಂದ ಬರುವುದು ಸುಮಾರು 43. ತೂಕದ ಲೆಕ್ಕದಲ್ಲಿ ಈ ಅಂತರ ಅಷ್ಟೇನೂ ದೊಡ್ಡದಲ್ಲ. ಆದರೆ ಬೋರಾನಿನ ಸಾಂದ್ರತೆ ಸೀಮೆಎಣ್ಣೆಯ ಮೂರು ಪಟ್ಟಿಗೆ ಹತ್ತಿರವಿರುವುದರಿಂದ, ಒಂದು ಲೀಟರ್ ಜಾಗದಲ್ಲಿ ಹಿಡಿಯುವ ಶಾಖವನ್ನು ಹೋಲಿಸಿದಾಗ 35 ಮೆಗಾಜೂಲ್‌ಗೆ ಎದುರಾಗಿ 135ರಷ್ಟು ಸಿಗುತ್ತದೆ. ಕ್ಷಿಪಣಿಯ ಕಿರಿದಾದ ಒಡಲಿನಲ್ಲಿ ಜಾಗವೇ ಬೆಲೆಬಾಳುವ ವಸ್ತುವಾದ್ದರಿಂದ ಈ ಎರಡನೆಯ ಲೆಕ್ಕವೇ ಮುಖ್ಯ.

ಆದರೆ ಶಾಖ ಇರುವುದು ಬೇರೆ, ಅದು ಕೈಗೆ ಸಿಗುವುದು ಬೇರೆ. ಅಕ್ಕಸಾಲಿಗರು ಒಡವೆಯನ್ನು ಬೆಸೆಯುವ ಮುನ್ನ ಬಿಳಿಗಾರ ಸವರುವುದನ್ನು ನೀವು ನೋಡಿರಬಹುದು. ಉರಿ ತಾಗಿದೊಡನೆ ಅದು ಉಬ್ಬಿ, ಕರಗಿ, ಗಾಜಿನಂತೆ ಲೋಹದ ಮೇಲೆ ಹರಡಿಕೊಂಡು ಗಾಳಿ ಸೋಕದಂತೆ ಕಾಯುತ್ತದೆ. ಬಿಳಿಗಾರವೂ ಬೋರಾನಿನ ಸಂಯುಕ್ತವೇ. ಅಲ್ಲಿ ವರವಾದ ಗುಣವೇ ಇಲ್ಲಿ ಅಡ್ಡಿ: ಬೋರಾನ್ ಕಣದ ಮೈಮೇಲಿನ ಆಕ್ಸೈಡ್ ಸುಮಾರು 450 ಡಿಗ್ರಿ ಸೆಲ್ಸಿಯಸ್‌ಗೇ ಕರಗಿ ಜಿಗುಟಾದ ಹೊದಿಕೆಯಾಗುತ್ತದೆ, ಒಳಗಿನ ಬೋರಾನ್ ಕರಗಬೇಕಾದರೆ 2,000 ಡಿಗ್ರಿ ದಾಟಬೇಕು. ಆ ಹೊದಿಕೆ ಆವಿಯಾಗಿ ಹೋಗುವವರೆಗೆ ಆಮ್ಲಜನಕ ಒಳಗೆ ನುಸುಳುವುದು ಬಹಳ ನಿಧಾನ. ಕಣವಾದರೋ ದಹನಕೋಶದಲ್ಲಿ ಉಳಿಯುವುದು ಕೆಲವೇ ಮಿಲಿಸೆಕೆಂಡು. ಕಣಕ್ಕೆ ಲಿಥಿಯಂ ಫ್ಲೋರೈಡ್ ಲೇಪಿಸುವುದು, ಬೇಗ ಹೊತ್ತಿಕೊಳ್ಳುವ ಮೆಗ್ನೀಸಿಯಂ ಬೆರೆಸುವುದು ಈ ತಡೆಯನ್ನು ಸಡಿಲಿಸಲೆಂದೇ.

ಡಕ್ಟೆಡ್ ರಾಕೆಟ್ ಎಂಬ ಬಗೆಯಲ್ಲಿ ಇಂಧನ ಎರಡು ಹಂತಗಳಲ್ಲಿ ಉರಿಯುತ್ತದೆ. ಮೊದಲ ಕೋಶದಲ್ಲಿ ಅದು ಅರೆಬರೆ ಉರಿದು, ಬೋರಾನ್ ತುಂಬಿದ ಬಿಸಿ ಹೊಗೆಯಾಗಿ ಎರಡನೆಯ ಕೋಶಕ್ಕೆ ನುಗ್ಗಿ, ಅಲ್ಲಿ ಹೊರಗಾಳಿಯೊಡನೆ ಬೆರೆತು ಉರಿಯುತ್ತದೆ. ಯುರೋಪಿನ ಮೀಟಿಯರ್ ಕ್ಷಿಪಣಿ ಈ ಬಗೆಯದು. ಇಲ್ಲಿ ಇನ್ನೊಂದು ತೊಡಕಿದೆ. ನನ್ನ ಮಟ್ಟಿಗೆ ಇದೇ ಹೆಚ್ಚು ಕಠಿಣವಾದದ್ದು. ಇಂಧನದ ಪುಡಿಯನ್ನು ಒಟ್ಟಾಗಿ ಹಿಡಿದಿಡುವ ಅಂಟಿನಿಂದ ಬರುವ ಜಲಜನಕವು ಬೋರಾನ್ ಹಾಗೂ ಆಮ್ಲಜನಕದೊಡನೆ ಕೂಡಿ ಮೆಟಾಬೋರಿಕ್ ಆಮ್ಲದ ಆವಿಯಾದರೆ, ಶಾಖದ ಒಂದು ಪಾಲು ಅದರಲ್ಲೇ ಉಳಿದು ನಳಿಕೆಯಿಂದ ಹೊರಟುಹೋಗುತ್ತದೆ. ತಯಾರಿಕೆಯೂ ಸುಲಭವಲ್ಲ: ಪುಡಿಯ ಮೇಲ್ಮೈಯ ಬೋರಿಕ್ ಆಮ್ಲ ಅಂಟಿನೊಡನೆ ವರ್ತಿಸಿ, ಅಚ್ಚಿಗೆ ಎರೆಯುವ ಮುನ್ನವೇ ಮಿಶ್ರಣ ಬಿಗಿದುಕೊಳ್ಳಬಹುದು.

ಇನ್ನು ಚಳ್ಳಕೆರೆಯ ವಿಷಯ. ಡಿ.ಆರ್.ಡಿ.ಓ.ದ ಆ ವಲಯ ಮುಖ್ಯವಾಗಿ ಚಾಲಕರಹಿತ ವಿಮಾನಗಳ ಪರೀಕ್ಷೆಗೆ ಮೀಸಲಾದದ್ದು. ಅದೇ ಸಂಸ್ಥೆಯ ಘನ ಇಂಧನದ ಡಕ್ಟೆಡ್ ರಾಮ್‌ಜೆಟ್ 2021ರ ಮಾರ್ಚ್ 5ರಂದು ಹಾಗೂ 2022ರ ಏಪ್ರಿಲ್ 8ರಂದು ಹಾರಿದ್ದು ಒಡಿಶಾದ ಚಾಂದಿಪುರದ ಕಡಲತೀರದಿಂದ.